ಹಬ್ಬ ಉಳಿದರೆ ಸಾಲದು, ಹಣ್ಣೂ ಉಳಿಯಬೇಕು

ಬೇಗ ಹಾಳಾಗುವ ಬೆಳೆ ಅಂದ್ರೆ ಕೃಷಿಕರಿಗೆ ಭಯ. ಧಾರಣೆ ಏರಲಿ ಅಂತ ಎರಡು ದಿನ ಕಾಯುವಂತಿಲ್ಲ. ವ್ಯಾಪಾರಿ ಹೇಳಿದ್ದೇ ಕ್ರಯ. ಆದರೆ ಇಟಲಿಯ ನೇಮಿ ಎಂಬ ಪುಟ್ಟ ಊರು ಹೆಸರು ಗಳಿಸಿದ್ದೇ ಇಂಥ ಬೆಳೆಯಿಂದ.

ರೋಮ್ ನಗರದಿಂದ ಸುಮಾರು 30 ಕಿಲೋಮೀಟರ್ ದೂರ. ಆರಿಹೋದ ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ಸರೋವರ. ಅದರ ಮೇಲಿನ ಗುಡ್ಡದಲ್ಲಿ ಊರು. ಜನಸಂಖ್ಯೆ 2,000ದ ಆಸುಪಾಸು. ಪಕ್ಕದ ರೋಮಿನಲ್ಲೋ 27 ಲಕ್ಷ!

ಇಲ್ಲಿನ ವಿಶೇಷ ಕಾಡುಜಾತಿಯ ಸ್ಟ್ರಾಬೆರಿ. ಬೆರಳ ತುದಿಯಷ್ಟು ಗಾತ್ರ. ಪರಿಮಳ ಜಾಸ್ತಿ, ಹಣ್ಣು ಬಲು ಮೆತ್ತಗೆ. ಒಂದೊಂದನ್ನೇ ಕೈಯಲ್ಲಿ ಕೊಯ್ಯಬೇಕು. ಹಿಂದೆ ಹೆಂಗಸರು ಬುಟ್ಟಿಯಲ್ಲಿ ರೋಮಿಗೆ ಒಯ್ದು ಮಾರುತ್ತಿದ್ದರು. ಈಗ ರೋಮಿನವರೇ ಗುಡ್ಡ ಹತ್ತಿ ಬರ್ತಾರೆ. ಜೂನ್ ಮೊದಲ ಭಾನುವಾರ ಸ್ಟ್ರಾಬೆರಿ ಹಬ್ಬ. 1920ರ ದಶಕದಲ್ಲಿ ಶುರುವಾದದ್ದು. ಅಂದು ಊರ ಹೆಂಗಸರು ಕೆಂಪು ಲಂಗ, ಬಿಳಿ ರವಿಕೆ, ಕಪ್ಪು ಕುಪ್ಪಸದಲ್ಲಿ ಮೆರವಣಿಗೆ ಹೊರಡುತ್ತಾರೆ. ಹಣ್ಣು ಕೊಯ್ಯುತ್ತಿದ್ದವರ ಹಳೆಯ ಉಡುಪು ಅದು. ಕೂಲಿಯವಳ ಬಟ್ಟೆಗೆ ಹಬ್ಬದ ಮರ್ಯಾದೆ! ಅಂಗಡಿಗಳಲ್ಲಿ ನಿಂಬೆರಸ, ಸಕ್ಕರೆ ಹಾಕಿದ ಹಣ್ಣಿನ ಕಪ್ಪು. ಕೆನೆಯ ಮೇಲೆ ಹಣ್ಣು ಪೇರಿಸಿದ ಪುಟ್ಟ ಕೇಕು. ದೊಡ್ಡ ಕಾರ್ಖಾನೆ ಬೇಕಿಲ್ಲದ ಮೌಲ್ಯವರ್ಧನೆ.

ನನ್ನ ಮೆಚ್ಚುಗೆ ಇಷ್ಟಕ್ಕೇ ನಿಲ್ಲುವುದಿಲ್ಲ, ಒಂದು ಎಚ್ಚರಿಕೆಯೂ ಇದೆ. ಅದಕ್ಕೆ ಉದಾಹರಣೆ ನೇಮಿಯಲ್ಲೇ ಸಿಗುತ್ತದೆ. ಚಕ್ರವರ್ತಿ ಕಲಿಗುಲಾನ ಕಾಲದ ಎರಡು ಭಾರೀ ಹಡಗುಗಳು ಸರೋವರದ ತಳದಲ್ಲಿದ್ದವು. ನೀರು ತಗ್ಗಿಸಿ 1929ರಿಂದ 1932ರೊಳಗೆ ಅವನ್ನು ಮೇಲೆತ್ತಿದರು. ಅವಕ್ಕಾಗಿಯೇ ವಸ್ತುಸಂಗ್ರಹಾಲಯ ಕಟ್ಟಿದರು. 1944ರಲ್ಲಿ, ಯುದ್ಧಕಾಲದಲ್ಲಿ ಹಡಗುಗಳು ಸುಟ್ಟುಹೋದವು. ಕಟ್ಟಡ ಇಂದೂ ಇದೆ, ಒಳಗೆ ಹಡಗಿನ ಮಾದರಿಗಳಿವೆ.

ಹಬ್ಬಕ್ಕೂ ಈ ಗತಿ ಬರಬಾರದಲ್ಲ? ನಗರದ ಬದಿಯ ಊರಿನಲ್ಲಿ ಬಗ್ಗಿ ಹಣ್ಣು ಕೊಯ್ಯುವುದಕ್ಕಿಂತ ಹೋಟೆಲು ನಡೆಸುವುದು ಸುಲಭ. ಹೊರಗಿನಿಂದ ಹಣ್ಣು ತಂದು ಹಂಚಿದರೂ ಮೆರವಣಿಗೆ ನಡೆದೀತು, ಜನವೂ ಸೇರಿಯಾರು. ಹೊಲ ಮಾತ್ರ ಇರಲಿಕ್ಕಿಲ್ಲ.

ಆದ್ದರಿಂದ ಹಬ್ಬದ ಯಶಸ್ಸನ್ನು ಬಂದವರ ಸಂಖ್ಯೆಯಲ್ಲಿ ಅಳೆಯುವುದು ಬೇಡ. ಹಬ್ಬದ ದುಡ್ಡಿನಲ್ಲಿ ಬೆಳೆದವನಿಗೆ, ಕೊಯ್ದವಳಿಗೆ ಎಷ್ಟು ಸಿಕ್ಕಿತು? ಮುಂದಿನ ವರ್ಷ ಗಿಡ ನೆಡುವಷ್ಟು ಉಮೇದು ಅವರಲ್ಲಿ ಉಳಿಯಿತೇ? ಕೇಳಬೇಕಾದ ಲೆಕ್ಕ ಅದು.