ಸ್ಕೌಟು ದಳಕ್ಕೆ ಬದಲಿ ಬೇಕಾಗಿದ್ದಾರೆ

ನಮ್ಮ ಸಂಘದ ಮಕ್ಕಳ ಸ್ಕೌಟು ದಳವನ್ನು ಮುಂದುವರಿಸಬೇಕೇ, ಮುಚ್ಚಬೇಕೇ ಎಂಬ ಪ್ರಶ್ನೆ ಕಾರ್ಯಕಾರಿ ಸಮಿತಿಯ ಮುಂದೆ ಬಂದಿದೆ. ಹುಡುಗರ ಸ್ಕೌಟು, ಹುಡುಗಿಯರ ಗೈಡು ಎರಡನ್ನೂ ಸೇರಿಸಿ ನಾನು ದಳವೆಂದೇ ಬರೆಯುತ್ತೇನೆ. ಹೋದ ಜೂನಿನಲ್ಲಿ ಶಾಲೆ ತೆರೆದಾಗ ೨೬ ಮಕ್ಕಳಿದ್ದರು. ಈಗ ೧೧ ಮಂದಿ ಉಳಿದಿದ್ದಾರೆ. ಸ್ಕೌಟು ಮಾಸ್ತರರಾಗಿದ್ದ ಮಿತ್ರರು ಕೆಲಸ ಬದಲಿಸಿ ಪುಣೆಗೆ ಹೋದರು. ಅವರ ಜಾಗಕ್ಕೆ ಯಾರೂ ಕೈ ಎತ್ತಲಿಲ್ಲ. "ನಡೆಸುವವರೇ ಇಲ್ಲದ ಮೇಲೆ ದಳ ಯಾತಕ್ಕೆ? ಸಮವಸ್ತ್ರಗಳನ್ನು ಕಪಾಟಿನಲ್ಲಿಟ್ಟು ರಾಜ್ಯೋತ್ಸವದ ದಿನ ಮಕ್ಕಳಿಗೆ ತೊಡಿಸಿದರೆ ಸಾಕು" ಎಂದು ಹಿರಿಯರೊಬ್ಬರು ಹೇಳಿದರು. ಆ ಮಾತಿಗೆ ನನಗೆ ಸಿಟ್ಟು ಬಂತೆಂಬುದನ್ನು ಮುಚ್ಚಿಡುವುದಿಲ್ಲ. ಸಭೆಯಲ್ಲಿ ದೊಡ್ಡ ದನಿಯಲ್ಲೇ ಮಾತಾಡಿದೆ, ಮಾತು ಸರಿಯಾಗಿ ಬರಲಿಲ್ಲ. ಆ ದಿನ ಹೇಳಲಾಗದ್ದನ್ನು ಇಲ್ಲಿ ಸಮಾಧಾನದಿಂದ ಬರೆಯುತ್ತೇನೆ.

ಕೆಲವು ಕಾರ್ಮಿಕ ಬಂಧುಗಳ ಆಕ್ಷೇಪವೇ ಬೇರೆ. ಸ್ಕೌಟು ಎಂಬುದು ಬಿಳಿಯರ ದಂಡಿನವನು ಕಟ್ಟಿದ ಆಟ, ದುಡಿಯುವವರ ಮಕ್ಕಳಿಗೆ ಅದರಿಂದ ಆಗಬೇಕಾದ್ದೇನು ಎನ್ನುತ್ತಾರೆ. ಇದು ಪೂರಾ ಸುಳ್ಳಲ್ಲ. ಬೇಡನ್ ಪೊವೆಲ್ ಸಾಹೇಬರು ದಂಡಿನ ಅಧಿಕಾರಿಯೇ. ೧೯೦೮ರಲ್ಲಿ ಅವರು ಬರೆದ ನಿಯಮಗಳಲ್ಲಿ, ಸ್ಕೌಟು ಆದವನು ರಾಜನಿಗೂ ಅಧಿಕಾರಿಗಳಿಗೂ ದೇಶಕ್ಕೂ ನಿಷ್ಠನಾಗಿರತಕ್ಕದ್ದು ಎಂಬುದರ ಜೊತೆಗೆ ತನ್ನ ಮಾಲೀಕನಿಗೂ ನಿಷ್ಠನಾಗಿರತಕ್ಕದ್ದು ಎಂದಿತ್ತು! ನಮ್ಮ ದೇಶದ ಮೊದಲ ದಳ ೧೯೦೯ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದರೂ ಅದು ಬಿಳಿಯರ ಮತ್ತು ಆಂಗ್ಲೋ ಇಂಡಿಯನರ ಮಕ್ಕಳಿಗೆ ಮಾತ್ರ ಇತ್ತು. ನಮ್ಮವರ ಮಕ್ಕಳಿಗೆ ಬಾಗಿಲು ಮುಚ್ಚಿತ್ತು.

ಆದರೆ ಬಾಗಿಲು ಹಾಕಿದರೆಂದು ನಮ್ಮ ಹಿರಿಯರು ಸುಮ್ಮನೆ ಕೂಡಲಿಲ್ಲ. ೧೯೧೬ರಲ್ಲಿ ಆನಿ ಬೆಸೆಂಟರು ಮದರಾಸಿನಲ್ಲಿ ಭಾರತೀಯ ಹುಡುಗರಿಗಾಗಿಯೇ ಸ್ಕೌಟು ಸಂಸ್ಥೆ ಕಟ್ಟಿದರು. ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರು ಸೇವಾ ಸಮಿತಿಯ ಹೆಸರಿನಲ್ಲಿ ಇನ್ನೊಂದು ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ ಬೇರೆ ಬೇರೆ ಸಂಸ್ಥೆಗಳು ಕೂಡಿ ೧೯೫೦ರ ನವೆಂಬರ್ ೭ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಇಂದಿನ ನಿಯಮದಲ್ಲಿ ಮಾಲೀಕನ ಸುದ್ದಿಯೇ ಇಲ್ಲ. ಸ್ಕೌಟು ಎಲ್ಲರಿಗೂ ಮಿತ್ರ, ಉಳಿದ ಸ್ಕೌಟುಗಳಿಗೆ ಸೋದರ ಎಂಬ ಮಾತಿದೆ. ಜಾತಿಗೊಂದು ಸಂಘ, ಊರಿಗೊಂದು ಮಂಡಳಿ ಮಾಡಿಕೊಂಡಿರುವ ನಾವು ಆ ಒಂದು ಮಾತಿಗಾದರೂ ಮಕ್ಕಳನ್ನು ಕಳಿಸಬೇಕು.

ಹಾಗಾಗಿ ನನ್ನ ಮಟ್ಟಿಗೆ ದಳ ಬೇಕೋ ಬೇಡವೋ ಎಂಬುದು ಚರ್ಚೆಯಲ್ಲ. ಅದನ್ನು ಯಾರು ನಡೆಸಬೇಕು, ಯಾವಾಗ ನಡೆಸಬೇಕು ಎಂಬುದೇ ಚರ್ಚೆ. ಈ ಕುರಿತು ಹೋದ ವಾರ ಒಂದು ರಾತ್ರಿ ೧೧.೩೦ಕ್ಕೆ, ಒಂದು ಹೋಟೆಲಿನ ಬಾಗಿಲು ಅರ್ಧ ಎಳೆದ ಮೇಲೆ, ನಾವು ಐದು ಮಂದಿ ಒಳಗಿನ ಟೇಬಲಿನಲ್ಲಿ ಕೂತಿದ್ದೆವು. ಒಬ್ಬರು ಶಾಲಾ ಮಾಸ್ತರರು, ಗೈಡು ಹುಡುಗಿಯರನ್ನು ನೋಡಿಕೊಳ್ಳುವ ಒಬ್ಬ ನರ್ಸ್ ಅಕ್ಕ, ಬೇರೆ ಬಡಾವಣೆಯಲ್ಲಿ ದಳ ನಡೆಸುವ ಒಬ್ಬ ಗುಮಾಸ್ತರು, ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದ ಒಬ್ಬ ಅಜ್ಜ, ಮತ್ತೆ ನಾನು. ಚಹಾ ಎರಡು ಸಲ ಆಯಿತು. ಆ ರಾತ್ರಿಯ ಮಾತುಗಳೇ ಈ ಲೇಖನದ ಬಂಡವಾಳ.

ಮೊದಲನೆಯ ತಾಪತ್ರಯ ರವಿವಾರದ್ದು. ಹೋಟೆಲಿನವರಿಗೆ ರವಿವಾರವೆಂದರೆ ಏನೆಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲೋಕಕ್ಕೆಲ್ಲ ಸುಟ್ಟಿಯಾದ ದಿನ ನಮ್ಮ ದೋಸೆ ಕಾವಲಿ ಆರುವುದಿಲ್ಲ. ನಮ್ಮ ವಾರದ ಸುಟ್ಟಿ ಸೋಮವಾರವೋ ಬುಧವಾರವೋ ಬರುತ್ತದೆ; ಆ ದಿನ ಮಕ್ಕಳು ಶಾಲೆಯಲ್ಲಿರುತ್ತಾರೆ. ಮಕ್ಕಳು ಬಿಡುವಾಗಿರುವ ದಿನ ಅಪ್ಪ ಹೋಟೆಲಿನಲ್ಲಿರುತ್ತಾನೆ. ಆದ್ದರಿಂದ ದಳದ ಭಾರವೆಲ್ಲ ಕಚೇರಿಯ ಗುಮಾಸ್ತರು, ಶಾಲೆಯ ಮಾಸ್ತರರು ಹೀಗೆ ಬೆರಳೆಣಿಕೆಯವರ ತಲೆಗೆ ಬರುತ್ತದೆ. ಪುಣೆಗೆ ಹೋದ ನಮ್ಮ ಮಿತ್ರರು ನಾಲ್ಕು ವರ್ಷ ಒಂದೇ ಸಮನೆ ರವಿವಾರಗಳನ್ನು ಕೊಟ್ಟರು. ಅವರು ಹೊರಟ ದಿನ ಸಾಮಾನು ಕಟ್ಟಲು ಹೋಗಿದ್ದೆ. ಅವರ ಮನೆಯವರು, "ಅಣ್ಣಾ, ಊರ ಮಕ್ಕಳಿಗೆಲ್ಲ ಇವರ ರವಿವಾರ ಸಿಕ್ಕಿತು, ನನ್ನ ಮಕ್ಕಳಿಗೆ ಸಿಕ್ಕಲಿಲ್ಲ" ಎಂದರು. ನಾನು ಹಗ್ಗ ಬಿಗಿಯುತ್ತಾ ತಲೆ ತಗ್ಗಿಸಿದೆ. ಸಂಘದ ವಾರ್ಷಿಕೋತ್ಸವದಲ್ಲಿ ಅವರಿಗೆ ಶಾಲು ಹೊದಿಸಿದ್ದೇವೆ, ಒಂದು ರವಿವಾರ ಬಿಡುವು ಕೊಟ್ಟಿಲ್ಲ. ಅವರು ಕೆಲಸಕ್ಕಾಗಿ ಹೋದರೆಂದು ನಾವು ಹೇಳಿಕೊಳ್ಳುತ್ತೇವೆ. ನನಗೆ ಅನುಮಾನವಿದೆ.

ಎರಡನೆಯದು ತರಬೇತಿ. ಮಕ್ಕಳನ್ನು ನಡೆಸುವವನು ಮೊದಲು ತಾನು ಕಲಿಯಬೇಕು. ಅದಕ್ಕೆ ಸುಮಾರು ಒಂದು ವಾರದ ಶಿಬಿರವಿದೆ. ಗುಮಾಸ್ತರಿಗೆ ರಜೆ ಸಿಗುತ್ತದೆ. ನಾನು ಹೋಟೆಲಿನಲ್ಲಿದ್ದಾಗ ಕೇಳಿದ್ದಕ್ಕೆ, "ಕಾಡಿನಲ್ಲಿ ಮಕ್ಕಳ ಜೊತೆ ಕುಣಿಯಲಿಕ್ಕೆ ಸುಟ್ಟಿಯೇ ಮಾರಾಯಾ?" ಎಂದು ಗಲ್ಲಾದ ಮೇಲೆ ಕೂತವರು ನಕ್ಕರು. ಹಟದಿಂದ ಹೋದೆ. ವಾಪಸು ಬಂದಾಗ ಏಳು ದಿನದ ಪಗಾರ ಹೋಗಿತ್ತು. ಹೋದದ್ದು ಹೋಯಿತು. ಆದರೆ ೨೦೧೭ರ ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿನಲ್ಲಿ ವರ್ಷಕ್ಕೆ ೮ ದಿನ ಪಗಾರ ಸಹಿತ ಸಾಂದರ್ಭಿಕ ರಜೆ ಇದೆ, ವರ್ಷದಲ್ಲಿ ೨೪೦ ದಿನ ದುಡಿದವನಿಗೆ ಅದರ ಮೇಲೆ ಗಳಿಕೆಯ ರಜೆಯೂ ಇದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಎಷ್ಟು ಕೆಲಸಗಾರರಿರುವ ಹೋಟೆಲಿಗೆ ಅದು ತಗಲುತ್ತದೆ ಎಂಬ ಲೆಕ್ಕವಿದೆ. ನಿಮ್ಮ ಹೋಟೆಲು ಅದರೊಳಗೆ ಬರುವುದೋ ಎಂದು ಸಂಘದ ಕಚೇರಿಯಲ್ಲಿ ವಿಚಾರಿಸಿ. ಕಾನೂನು ಇದೆ ಎಂದ ಮಾತ್ರಕ್ಕೆ ಕೇಳಿದೊಡನೆ ಕೊಡುತ್ತಾರೆ ಎಂದು ನಾನು ಹೇಳಲಾರೆ. ಒಬ್ಬನೇ ಹೋಗಿ ಕೇಳಿದರೆ ನಗುತ್ತಾರೆ, ಸಂಘದ ಕಾಗದ ಹಿಡಿದು ಹೋದರೆ ಕೂತುಕೊಳ್ಳಿ ಎನ್ನುತ್ತಾರೆ.

ಇನ್ನು ನಮ್ಮವರದೇ ತಪ್ಪಿನ ಮಾತು. ಸಮಾರಂಭವೆಂದರೆ ಸಾಕು, ಸ್ಕೌಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಂಬ ಆಜ್ಞೆ ಬರುತ್ತದೆ. ಹಾರ ಹಿಡಿಯಲಿಕ್ಕೆ ಸ್ಕೌಟು, ಕುರ್ಚಿ ಎತ್ತಲಿಕ್ಕೆ ಸ್ಕೌಟು, ನೀರು ಕೊಡಲಿಕ್ಕೆ ಸ್ಕೌಟು. ಕಳೆದ ವರ್ಷ ಒಂದು ಸಮಾರಂಭಕ್ಕೆ ಅತಿಥಿಗಳು ಎರಡು ತಾಸು ತಡವಾಗಿ ಬಂದರು. ಅಷ್ಟು ಹೊತ್ತೂ ಮಕ್ಕಳು ಬಿಸಿಲಿನಲ್ಲಿ ನಿಂತಿದ್ದರು. ಒಂದು ಹುಡುಗಿ ಕಣ್ಣು ಕತ್ತಲಿಟ್ಟು ಬಿದ್ದಳು. ನರ್ಸ್ ಅಕ್ಕ ಅವಳಿಗೆ ನೀರು ಕುಡಿಸಿ, ಎದ್ದು ನಿಂತು ನಮ್ಮನ್ನು ಬೈದ ಬೈಗುಳವನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ. ಅವರು ಬೈದದ್ದು ನ್ಯಾಯ. ಆ ತಿಂಗಳೊಳಗೆ ಏಳು ಮಕ್ಕಳು ದಳ ಬಿಟ್ಟರು. ೨೬ರಿಂದ ೧೧ಕ್ಕೆ ಇಳಿದದ್ದಕ್ಕೆ ಟ್ಯೂಷನ್ ಕಾರಣ, ಮೊಬೈಲ್ ಕಾರಣ ಎಂದು ಸಮಿತಿಯ ವರದಿಯಲ್ಲಿ ಬರೆದಿದ್ದಾರೆ. ಈ ಏಳರ ಮಾತು ಆ ವರದಿಯಲ್ಲಿ ಇಲ್ಲ.

ತಾಯಿತಂದೆಯರ ವಿಷಯ. "ಸರ್ಟಿಫಿಕೇಟು ಯಾವಾಗ ಸಿಗುತ್ತದೆ?" ಎಂದು ಮೊದಲ ದಿನವೇ ಕೇಳುತ್ತಾರೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ, ಅದರ ಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ, ಹೀಗೆ ವರ್ಷಗಟ್ಟಲೆ ಹತ್ತಬೇಕಾದ ಮೆಟ್ಟಿಲುಗಳಿವೆ ಎಂದರೆ ಮುಖ ಬಾಡುತ್ತದೆ. ಮಾಸ್ತರರು ಇದನ್ನು ದುರಾಸೆ ಎಂದರು. ನಾನು ಒಪ್ಪಲಿಲ್ಲ. ದಿನವಿಡೀ ಪಾತ್ರೆ ತೊಳೆಯುವ ಅಪ್ಪ ತನ್ನ ಮಗನ ಕೈಯಲ್ಲಿ ಒಂದು ಕಾಗದ ನೋಡಬೇಕೆಂದರೆ ಅದು ದುರಾಸೆಯೇ?

ನರ್ಸ್ ಅಕ್ಕ ಹೇಳಿದ ಇನ್ನೊಂದು ಮಾತಿಗೆ ಕೆಲವರು ಮುನಿಸಿಕೊಂಡಿದ್ದಾರೆ. ದೊಡ್ಡವನೊಬ್ಬನೇ ಮಕ್ಕಳ ಜೊತೆ ಎಂದೂ ಇರಕೂಡದು, ಆಟಕ್ಕಾಗಲಿ ಶಿಬಿರಕ್ಕಾಗಲಿ ಇಬ್ಬರು ದೊಡ್ಡವರು ಇರಲೇಬೇಕು ಎಂದು ಅವರ ಹಟ. "ನಮ್ಮ ಮೇಲೆ ಸಂಶಯವೇ?" ಎಂದು ಒಬ್ಬರು ಕೇಳಿದರು. "ಸಂಶಯವಲ್ಲ ಅಣ್ಣಾ. ಸಂಘದ ಲೆಕ್ಕದ ಪುಸ್ತಕವನ್ನು ಇಬ್ಬರು ನೋಡುವುದಿಲ್ಲವೇ? ಮಕ್ಕಳು ದುಡ್ಡಿಗಿಂತ ಕಡಿಮೆಯೇ?" ಎಂದರು. ನಾನು ಅಕ್ಕನ ಕಡೆ.

ಆ ರಾತ್ರಿ ಎಲ್ಲಕ್ಕಿಂತ ಕಡಿಮೆ ಮಾತಾಡಿದವರು ಗಿರಣಿಯ ಅಜ್ಜ. ಕಲಬುರಗಿ ಕಡೆಯವರು. ೧೯೮೨ರ ಜನವರಿ ೧೮ಕ್ಕೆ ಶುರುವಾದ ಮುಷ್ಕರದಲ್ಲಿ ಹೊರಗೆ ಬಂದವರು ಮತ್ತೆ ಮಗ್ಗ ಮುಟ್ಟಲಿಲ್ಲ. ಅವರನ್ನು ದಳಕ್ಕೆ ಕರೆತಂದದ್ದು ಒಂದು ಆಕಸ್ಮಿಕ. ಮೊಮ್ಮಗನನ್ನು ಬಿಡಲು ಬಂದವರು ಬಾಗಿಲಲ್ಲಿ ನಿಂತಿದ್ದರು. ನಾನು ಪುಸ್ತಕ ನೋಡಿ ಎರಡು ಹಗ್ಗ ಜೋಡಿಸುವ ಗಂಟು ಹಾಕಲು ಹೆಣಗುತ್ತಿದ್ದೆ. ಇಂಗ್ಲಿಷಿನಲ್ಲಿ ಅದಕ್ಕೆ ಶೀಟ್ ಬೆಂಡ್ ಎನ್ನುತ್ತಾರೆ. ಅಜ್ಜ ಒಳಗೆ ಬಂದು, "ಕೊಡಪಾ ಇಲ್ಲಿ" ಎಂದು ಹಗ್ಗ ಕಸಿದುಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಹಾಕಿಬಿಟ್ಟರು. ಕಡಿದ ನೂಲನ್ನು ಜೋಡಿಸಲು ನೇಕಾರರು ಹಾಕುವ ಗಂಟೇ ಅದು! ಎಷ್ಟೋ ಸಾವಿರ ಸಲ ಹಾಕಿದ ಬೆರಳು. ಅಂದಿನಿಂದ ಗಂಟಿನ ಪಾಠ ಅವರದೇ. ನಮ್ಮ ಸಂಘದಲ್ಲಿ, ಮಕ್ಕಳು ಕನ್ನಡ ಮಾತಾಡುವುದಿಲ್ಲ, ಮರಾಠಿ ಹಿಂದಿಯಲ್ಲೇ ಆಡುತ್ತಾರೆ, ಹೀಗಾದರೆ ದಳ ಕನ್ನಡದ್ದು ಹೇಗಾಗುತ್ತದೆ ಎಂಬ ಕೂಗಿದೆ. ಅಜ್ಜನ ಪಾಠಕ್ಕೆ ಬಂದು ನೋಡಿ. ಬಿಗಿ, ಸಡಿಲ, ಎಳಿ, ಕುಣಿಕೆ, ತುದಿ ಎಂಬ ಮಾತುಗಳು ಇಲ್ಲಿ ಹುಟ್ಟಿದ ಹುಡುಗರ ಬಾಯಲ್ಲಿ ಹೇಗೆ ಬರುತ್ತವೆಂದು.

ಇಂಥ ನಿವೃತ್ತ ಕೈಗಳು ನಮ್ಮ ಚಾಳುಗಳಲ್ಲಿ, ಖೋಲಿಗಳಲ್ಲಿ ಎಷ್ಟಿಲ್ಲ? ಅವರನ್ನು ನಾವು ಕರೆದೇ ಇಲ್ಲ. ಸ್ಕೌಟು ಎಂದರೆ ಅರ್ಧ ಚಡ್ಡಿ ಹಾಕಿ ಓಡುವ ಇಪ್ಪತ್ತೈದರ ಹುಡುಗನೇ ಬೇಕೆಂದು ಕಾದು ಕೂತಿದ್ದೇವೆ.

ಅಜ್ಜನೇ ಆ ರಾತ್ರಿ ದಾರಿ ತೋರಿಸಿದ್ದು. "ಗಿರಣ್ಯಾಗ ಬದಲಿ ಇರತಿದ್ದರಲ್ಲಾ, ಹಂಗ ಮಾಡ್ರಿ" ಎಂದರು. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ: ಖಾಯಂ ಕೆಲಸಗಾರ ಬಾರದ ದಿನ ಅವನ ಮಗ್ಗಕ್ಕೆ ನಿಲ್ಲಲು ಬದಲಿ ಕಾರ್ಡಿನವರು ಗಿರಣಿಯ ಗೇಟಿನಲ್ಲಿ ಬೆಳಿಗ್ಗೆಯೇ ಕಾಯುತ್ತಿದ್ದರು. ಬದಲಿಯವನ ಬಾಳು ಬಲು ಕಷ್ಟದ್ದು, ವರ್ಷಾನುಗಟ್ಟಲೆ ಖಾಯಂ ಆಗದೆ ಸವೆದವರಿದ್ದರು. ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಆದರೆ ಒಬ್ಬ ಬರಲಿಲ್ಲವೆಂದು ಮಗ್ಗ ನಿಲ್ಲುತ್ತಿರಲಿಲ್ಲ. ದಳಕ್ಕೂ ಹಾಗೆಯೇ ಆಗಲಿ. ಒಬ್ಬನೇ ಮಾಸ್ತರ ಬೇಡ, ಆರು ಮಂದಿ ಬೇಕು. ರವಿವಾರಕ್ಕೆ ಇಬ್ಬರಂತೆ ಸರದಿ ಹಾಕಿದರೆ ಒಬ್ಬೊಬ್ಬನಿಗೆ ಮೂರು ವಾರಕ್ಕೊಮ್ಮೆ ಪಾಳಿ ಬರುತ್ತದೆ. ಅಕ್ಕ ಹೇಳಿದ ಇಬ್ಬರ ನಿಯಮವೂ ನಡೆಯುತ್ತದೆ. ಹೋಟೆಲಿನವರು ಆ ಒಂದು ರವಿವಾರಕ್ಕೆ ಜೊತೆಗಾರನೊಂದಿಗೆ ಸುಟ್ಟಿ ಅದಲು ಬದಲು ಮಾಡಿಕೊಳ್ಳಬಹುದು. ಮಾಲೀಕರಿಗೆ ಸಂಘದಿಂದ ಕಾಗದ ಕೊಡೋಣ. ತಿಂಗಳಿಗೊಂದು ರವಿವಾರ ಅರ್ಧ ದಿನ ಕೊಡಲು ಒಪ್ಪಬಹುದಾದ ಮಾಲೀಕರು ಇಬ್ಬರು ಮೂವರು ನನ್ನ ಕಣ್ಣ ಮುಂದಿದ್ದಾರೆ. ಒಪ್ಪದವರ ಹೆಸರೂ ಗೊತ್ತು, ಅದು ಬೇರೆ ಮಾತು.

ಇನ್ನೊಂದು, ದೊಡ್ಡವರು ಎಲ್ಲವನ್ನೂ ತಾವೇ ಮಾಡುವ ಚಟ ಬಿಡಬೇಕು. ೧೯೦೭ರ ಆಗಸ್ಟಿನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆದಾಗ ಇದ್ದದ್ದು ಸುಮಾರು ೨೦ ಹುಡುಗರು, ಶ್ರೀಮಂತರ ಶಾಲೆಯವರೂ ದುಡಿಯುವವರ ಮನೆಯವರೂ ಕೂಡಿ. ಅವರನ್ನು ನಾಲ್ಕು ತುಕಡಿ ಮಾಡಿ, ತುಕಡಿಗೊಬ್ಬ ಹುಡುಗನನ್ನೇ ನಾಯಕನನ್ನಾಗಿ ಮಾಡಿದ್ದರು. ಆರೆಂಟು ಮಕ್ಕಳ ತುಕಡಿಯನ್ನು ೧೪ರ ಹುಡುಗನೋ ಹುಡುಗಿಯೋ ನಡೆಸುವುದೇ ಸ್ಕೌಟಿನ ಜೀವ. ನಮ್ಮಲ್ಲಿ ತುಕಡಿಯ ನಾಯಕನ ಪಟ್ಟಿ ಅಂಗಿಗೆ ಮಾತ್ರ. ಹಾಜರಿ ಕರೆಯುವುದು, ಆಟ ಆರಿಸುವುದು, ಹಗ್ಗ ಎಣಿಸಿಡುವುದು ಎಲ್ಲ ನಮ್ಮ ಮಾಸ್ತರರೇ. ಸುಸ್ತಾಗದೆ ಏನು?

ಕೊನೆಗೆ ನನ್ನ ಸ್ವಂತ ಆಸೆ ಒಂದಿದೆ, ಅದಕ್ಕೆ ಸಮಿತಿಯಲ್ಲಿ ಇನ್ನೂ ಬೆಂಬಲ ಸಿಕ್ಕಿಲ್ಲ. ನಾನು ಏಳನೆಯದು ಮುಗಿಸಿ ೧೩ನೆಯ ವಯಸ್ಸಿಗೆ ಟೇಬಲ್ ಒರೆಸಲು ಬಂದವನು. ೨೦೦೬ರ ಅಕ್ಟೋಬರ್ ೧೦ರಿಂದ ೧೪ ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದು ನಿಷಿದ್ಧವಾಗಿದೆ, ಒಳ್ಳೆಯದಾಯಿತು. ಆದರೆ ಹದಿನೆಂಟು ಇಪ್ಪತ್ತರ ಹುಡುಗರು ಊರಿಂದ ಬಂದು ಹೋಟೆಲಿನ ಮಾಳಿಗೆಯಲ್ಲೇ ಮಲಗಿ ಏಳುವವರು ಇಂದಿಗೂ ಇದ್ದಾರೆ. ಸ್ಕೌಟಿನಲ್ಲಿ ಆ ವಯಸ್ಸಿನವರಿಗೆ ರೋವರ್ ಎಂಬ ವಿಭಾಗವಿದೆ, ಸೇವೆಯೇ ಅವರ ಧ್ಯೇಯವಾಕ್ಯ. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ವಾರಕ್ಕೊಂದು ತಾಸು ಅವರನ್ನು ಕೂಡಿಸಿ ಗಾಯಕ್ಕೆ ಪಟ್ಟಿ ಕಟ್ಟುವುದು, ಸುಟ್ಟ ಗಾಯಕ್ಕೆ ಮೊದಲು ತಣ್ಣೀರು ಹಾಕುವುದು, ಬೆಂಕಿ ಹತ್ತಿದರೆ ಗ್ಯಾಸು ಮುಚ್ಚುವುದು ಇಷ್ಟನ್ನು ಕಲಿಸಿದರೆ ಅಡಿಗೆಮನೆಯಲ್ಲೇ ಉಪಯೋಗ. "ದುಡಿದು ಬಳಲಿದ ಹುಡುಗರು ಮಲಗಲಿ ಬಿಡಿ" ಎಂದು ಒಬ್ಬರು ಹೇಳಿದರು. ಮಲಗುವುದಿಲ್ಲ, ಮೊಬೈಲ್ ಹಿಡಿದು ಕೂಡುತ್ತಾರೆ, ನಾನು ನೋಡಿದ್ದೇನೆ.

ಸಮಿತಿ ಬರುವ ತಿಂಗಳು ತೀರ್ಮಾನ ಮಾಡುತ್ತದೆ. ಅದಕ್ಕೆ ಮುಂಚೆ, ಮೊದಲನೆಯ ಮಂಗಳವಾರ ರಾತ್ರಿ ೧೧.೩೦ಕ್ಕೆ ಸಂಘದ ಕಚೇರಿಯಲ್ಲಿ ಬದಲಿ ಪಟ್ಟಿ ಬರೆಯುತ್ತೇವೆ. ಈಗ ಮೂರು ಹೆಸರಿವೆ, ಇನ್ನೂ ಮೂರು ಬೇಕು. ಓದು ಬರಹ ಕಡಿಮೆಯಾದರೂ ಅಡ್ಡಿಯಿಲ್ಲ, ಹೆಂಗಸರು ಬಂದರೆ ಬಹಳ ಸಂತೋಷ. ಬರುವವರು ಮನೆಯಲ್ಲಿ ಹಳೆಯ ಹಗ್ಗವಿದ್ದರೆ ತನ್ನಿ. ನೈಲಾನಿನದು ಜಾರುತ್ತದೆ, ಹತ್ತಿಯದೇ ಬೇಕು ಎಂದು ಅಜ್ಜ ಎರಡು ಸಲ ಹೇಳಿ ಕಳಿಸಿದ್ದಾರೆ.