ಅಂತಃಕರಣ ಬತ್ತುವುದು ವಾರ್ಡಿನಲ್ಲಿ

ಈಗಿನ ವೈದ್ಯ ವಿದ್ಯಾರ್ಥಿಗಳಿಗೆ ಅಂತಃಕರಣವೇ ಇಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ಮೆಡಿಕಲ್ ಕಾಲೇಜಿನ 456 ವಿದ್ಯಾರ್ಥಿಗಳನ್ನು ವರ್ಷದಿಂದ ವರ್ಷಕ್ಕೆ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಮಾತು ಹೇಳುತ್ತದೆ. ರೋಗಿಯ ಜಾಗದಲ್ಲಿ ನಿಂತು ಸಂಕಟ ಅರಿಯುವ ಗುಣ ಅವರಲ್ಲಿ ಮೊದಲ ಎರಡು ವರ್ಷ ಕುಗ್ಗಲಿಲ್ಲ. ಮೂರನೆಯ ವರ್ಷ ಇಳಿಯಿತು, ಪದವಿ ಮುಗಿಯುವವರೆಗೂ ಚೇತರಿಸಿಕೊಳ್ಳಲಿಲ್ಲ. ಅಲ್ಲಿ ಮೂರನೆಯ ವರ್ಷವೆಂದರೆ ತರಗತಿ ಬಿಟ್ಟು ರೋಗಿಗಳ ಹಾಸಿಗೆಯ ಬಳಿ ಬರುವ ವರ್ಷ. ಮನೆಯಿಂದ ತಂದ ಕರುಳಿನ ಮಿಡಿತವನ್ನು ಅವರು ಕಳೆದುಕೊಂಡದ್ದು ಆಸ್ಪತ್ರೆಯಲ್ಲಿ.

ನಮ್ಮ ವಾರ್ಡುಗಳಲ್ಲಿ ವಿದ್ಯಾರ್ಥಿ ಕಾಣುವುದೇನು? ಹೆಸರಿರುವ ಹೆಂಗಸು 'ಹನ್ನೆರಡನೇ ಬೆಡ್‌ನ ಲಿವರ್ ಕೇಸ್' ಆಗುತ್ತಾಳೆ. ಪರದೆ ಎಳೆಯದೆ ಸೆರಗು ಸರಿಸುತ್ತಾರೆ. ಒಂದೇ ಹೊಟ್ಟೆಯನ್ನು ಹತ್ತು ಕೈಗಳು ಒತ್ತಿ ನೋಡುತ್ತವೆ, 'ನೋಯುತ್ತಾ?' ಎಂಬ ಪ್ರಶ್ನೆ ರೋಗನಿರ್ಣಯಕ್ಕಷ್ಟೇ ಮೀಸಲು. ಯಾವ ಪಠ್ಯದಲ್ಲೂ ಇಲ್ಲದ ಈ ಪಾಠವೇ ಮೈಗೂಡುತ್ತದೆ.

2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮನೋಭಾವ, ನೀತಿ, ಸಂವಹನಕ್ಕಾಗಿ 'ಏಟ್‌ಕಾಮ್' ಎಂಬ ಭಾಗವಿದೆ. ಅದು ಬೇಕಾದ ಹೆಜ್ಜೆಯೇ. ಆದರೆ ಬೆಳಿಗ್ಗೆ ತರಗತಿಯಲ್ಲಿ ಕೇಳಿದ್ದನ್ನು ಮಧ್ಯಾಹ್ನದ ವಾರ್ಡು ಸುಳ್ಳು ಮಾಡಿದರೆ, ಉಳಿಯುವುದು ಲಾಗ್‌ಬುಕ್ಕಿನ ಸಹಿ ಮಾತ್ರ.

ದಣಿವಿನ ಮಾತನ್ನೂ ಮರೆಯುವಂತಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. 36 ಗಂಟೆಯ ಪಾಳಿ ಇಂದಿಗೂ ನಿಂತಿಲ್ಲ. ಕಣ್ಣೆವೆ ಮುಚ್ಚದೆ ದುಡಿದವರಲ್ಲಿ ತಾಳ್ಮೆ ಎಲ್ಲಿಂದ ಬರಬೇಕು? ಅವರ ಸಿಡುಕನ್ನು ನೋಡಿಯೇ ಕಿರಿಯರು ಕಲಿಯುತ್ತಾರೆ, ನರ್ಸಿಂಗ್ ವಿದ್ಯಾರ್ಥಿಗಳೂ ಕಲಿಯುತ್ತಾರೆ.

ಕರ್ನಾಟಕದಲ್ಲಿ ಭಾಷೆಯೂ ಅಡ್ಡ ನಿಲ್ಲುತ್ತದೆ. ಇಲ್ಲಿ ಓದುವ ಹೊರರಾಜ್ಯದವರಿಗೆ ಆರಂಭದ ಫೌಂಡೇಷನ್ ಕೋರ್ಸ್‌ನಲ್ಲಿ ಕನ್ನಡ ಕಲಿಸುತ್ತಾರೆ. 'ಮೈಕೈ ಹರಿತಾವ್ರಿ', 'ಹೊಟ್ಟೆ ತೊಳಸ್ತದೆ' ಎಂಬ ಮಾತುಗಳು ಅಷ್ಟರಲ್ಲಿ ದಕ್ಕುವುದಿಲ್ಲ. ಎಂಬಿಬಿಎಸ್‌ನವರು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯ ನೋಡಿಕೊಳ್ಳುವ ಕಾರ್ಯಕ್ರಮ ಈಗ ಪಠ್ಯದಲ್ಲೇ ಇದೆ. ಆ ಜಗಲಿಯ ಮೇಲೆ ಕೂತು ಮಾತನಾಡಿದವರಿಗೆ ಭಾಷೆಯೂ ಒಲಿಯುತ್ತದೆ, ಔಷಧಿ ತಪ್ಪಿಸಿದ ಅಜ್ಜಿಯ ಬಸ್‌ಚಾರ್ಜಿನ ಕಷ್ಟವೂ ಅರ್ಥವಾಗುತ್ತದೆ. ಕಾಲೇಜುಗಳು ಇದನ್ನು ಫೋಟೊ ತೆಗೆಸಿಕೊಳ್ಳುವ ಪ್ರವಾಸವಾಗಿಸಬಾರದು.

ಕ್ಲಿನಿಕಲ್ ಪರೀಕ್ಷೆಯಲ್ಲಿ ಹೆಸರು ಹೇಳಿ ಪರಿಚಯಿಸಿಕೊಂಡದ್ದಕ್ಕೆ, ಮುಟ್ಟುವ ಮುನ್ನ ಒಪ್ಪಿಗೆ ಕೇಳಿದ್ದಕ್ಕೆ, ಮುಗಿದ ಮೇಲೆ ಹೊದಿಕೆ ಸರಿಪಡಿಸಿದ್ದಕ್ಕೆ ಅಂಕ ಸಿಗಲಿ. ಡ್ಯೂಟಿಯ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಲಿ. ಇದಕ್ಕೆಲ್ಲ ಆದೇಶ ಬೇಕು. ಹಿರಿಯರ ನಡತೆಗೆ ಯಾವ ಆದೇಶವೂ ಬೇಡ. ರೌಂಡ್ಸ್‌ಗೆ ಬಂದ ಪ್ರೊಫೆಸರ್ ಸ್ಟೂಲ್ ಎಳೆದುಕೊಂಡು ಕೂತು, 'ಏನಮ್ಮಾ, ರಾತ್ರಿ ನಿದ್ದೆ ಬಂತಾ?' ಎಂದು ಕೇಳಿ ಉತ್ತರಕ್ಕೆ ಕಾದರೆ, ಹಿಂದೆ ನಿಂತ ಇಪ್ಪತ್ತು ಜನರಿಗೆ ಅಂದಿನ ಪಾಠ ಮುಟ್ಟಿರುತ್ತದೆ.