ಅರಬ್ಬಿ ಮೇಷ್ಟ್ರಿಗೂ ತರಬೇತಿ ಕೊಡಿ

"ಶಾಲೇಲಿ ಅರಬ್ಬಿ ಯಾಕ್ರೀ?" ಅಂತ ಕೇಳೋರಿಗೆ ಒಂದು ಮಾತು. ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕಲಿಯೋ ಆಸೆಯಿತ್ತು. ಅಸ್ಪೃಶ್ಯರ ಹುಡುಗನಿಗೆ ಕಲಿಸಲ್ಲ ಅಂದರು, ಪರ್ಷಿಯನ್ ತಗೋಬೇಕಾಯ್ತು. ಭಾಷೆಗೆ ಜಾತಿ ಕಟ್ಟಿದ್ದನ್ನು ಉಂಡವರು ನಾವು. ಈಗ ಧರ್ಮ ಕಟ್ಟೋದನ್ನೂ ಒಪ್ಪಲ್ಲ.

ಕೇರಳದಲ್ಲಿ ಅರಬ್ಬಿ ಕಲಿಕೆಗೆ ಸರ್ಕಾರ ಹಾಕಿದ ಷರತ್ತುಗಳ ವಿರುದ್ಧ 1980ರ ಜುಲೈ 30ರಂದು ಮಲಪ್ಪುರಂನಲ್ಲಿ ಬೀದಿಗಿಳಿದವರಲ್ಲಿ ಮೂವರು ಪೊಲೀಸ್ ಗುಂಡಿಗೆ ಬಲಿಯಾದರು. ಇವತ್ತಿಗೂ ಅಲ್ಲಿ ಸರ್ಕಾರಿ ಶಾಲೆಗಳಲ್ಲಿ ಅರಬ್ಬಿ ಇದೆ. ನಮ್ಮ ಎಸ್ಸೆಸ್ಸೆಲ್ಸಿಯ ತೃತೀಯ ಭಾಷೆಗಳ ಪಟ್ಟಿಯಲ್ಲೂ ಇದೆ. ಆದರೆ ಪಟ್ಟಿ ಪಾಠ ಮಾಡಲ್ಲ, ಮೇಷ್ಟ್ರೇ ಮಾಡಬೇಕು.

ಕೇಳ್ತಿರೋದು ಭಿಕ್ಷೆಯಲ್ಲ: ಖಾಯಂ ಹುದ್ದೆ, ಭಾಷೆ ಕಲಿಸೋ ತರಬೇತಿ, ತಕ್ಕ ಸಂಬಳ. ಆ ತರಬೇತಿಯ ಬಾಗಿಲು ನಮ್ಮ ಕೇರಿಯ ಮಕ್ಕಳಿಗೂ ತೆರೆದಿರಲಿ. ಗಲ್ಫಿಗೆ ದುಡಿಯೋಕೆ ಹೋಗೋರು ಕರಾರು ಪತ್ರ ಓದೋಕಾದರೂ ಅರಬ್ಬಿ ಬೇಕಲ್ವಾ?

ಜೈ ಭೀಮ್.